ಮುಚ್ಚದ ತಕರಾರುಗಳು

"ಈ ಕರೆ ರೆಕಾರ್ಡ್ ಆಗ್ತಿದೆ ಮೇಡಂ," ಎಂದ ಆರ್ಲೋ.

"ಗೊತ್ತು. ನಿಮ್ಮ ಕಂಪನಿಯಲ್ಲಿ ನಿಟ್ಟುಸಿರು ಬಿಟ್ಟರೂ ರೆಕಾರ್ಡ್ ಆಗತ್ತೆ."

"ನಿಟ್ಟುಸಿರಿಗೆ ಬೇರೆ ಚಾರ್ಜ್ ಇಲ್ಲ, ಧಾರಾಳವಾಗಿ ಬಿಡಿ. ಇವತ್ತು ಯಾವ ತಕರಾರು?"

"ಪ್ರಿಂಟಿಂದು. ಕೊನೇ ಗಳಿಗೆಯಲ್ಲಿ ಸಾಲದ ಕಾಗದ ಬದಲಾಯಿಸಿ ಕಳಿಸಿದ್ರಿ. ಕಾರಿನ ಹಿಂದಿನ ಸೀಟಲ್ಲಿಟ್ಟ ಪ್ರಿಂಟರ್ ಮುಂದೆ ಮಂಡಿಯೂರಿ ಕೂತು ಇಡೀ ಕಟ್ಟನ್ನ ಎರಡನೇ ಸಲ ಪ್ರಿಂಟ್ ಮಾಡಿದೀನಿ. ಆ ಖರ್ಚು ಯಾರಪ್ಪ ಕೊಡ್ತಾನೆ?"

"ನಮ್ಮಪ್ಪ ಅಂತೂ ಕೊಡಲ್ಲ. ಮಹಾ ಜಿಪುಣ."

ನಡೀನ್ ತುಟಿ ಕಚ್ಚಿ ನಗು ತಡೆದಳು. ಜಗಳಕ್ಕೆ ಅಂತ ಫೋನ್ ಮಾಡಿದವಳು ನಕ್ಕರೆ ಏನು ಮರ್ಯಾದೆ!

ಕೊಲರಾಡೋದ ಪ್ವೆಬ್ಲೋ ಊರಲ್ಲಿ ನಡೀನ್ ಕ್ರಾಸೊವೆಚ್ ಓಡಾಡುವ ನೋಟರಿ. ಮನೆ ಸಾಲ ತೆಗೆದುಕೊಂಡವರು ಅವಳ ಹತ್ತಿರ ಬರುವುದಿಲ್ಲ, ಅವಳೇ ಅವರ ಅಡುಗೆಮನೆ ಮೇಜಿಗೆ ಹೋಗುತ್ತಾಳೆ. ಮಗುವಿನ ಹಾಲಿನ ಲೋಟ ಪಕ್ಕಕ್ಕೆ ಸರಿಸಿ, ಒಂದೊಂದೇ ಹಾಳೆ ತೋರಿಸಿ, ಸಹಿ ಹಾಕಿಸಿ, ತನ್ನ ಮುದ್ರೆ ಒತ್ತಿ ಎದ್ದು ಬರುತ್ತಾಳೆ. ಕೆಲಸ ಕಳಿಸುವುದು ಉತ್ತರಕ್ಕೆ ಮುಕ್ಕಾಲು ಗಂಟೆ ದೂರದ ಕೊಲರಾಡೋ ಸ್ಪ್ರಿಂಗ್ಸಿನ ಒಂದು ಕಂಪನಿ. ಅವರು ಒಪ್ಪುವ ಫೀ ಒಂದು, ಕೊಡುವುದು ಇನ್ನೊಂದು. ಸಾಲಗಾರ ಕೊನೆಯಲ್ಲಿ ಮನಸ್ಸು ಬದಲಾಯಿಸಿದರೂ ಫೀ ಕತ್ತರಿಸುತ್ತಾರೆ, ಅವನ ಹೆಂಡತಿ ತಡವಾಗಿ ಬಂದರೂ ಕತ್ತರಿಸುತ್ತಾರೆ. ಇಂಥ ತಕರಾರುಗಳನ್ನೆಲ್ಲ ಕೇಳಿಸಿಕೊಳ್ಳಲು ಅಲ್ಲೊಂದು ಮೇಜು, ಆ ಮೇಜಿನ ಹಿಂದೆ ಆರ್ಲೋ ಟ್ರುಹೀಯೊ.

ಅವನ ಮುಖ ಅವಳು ಕಂಡವಳಲ್ಲ. ಧ್ವನಿ ಮಾತ್ರ ಗೊತ್ತು: ಸ್ವಲ್ಪ ಒರಟು, ತುದಿಯಲ್ಲಿ ಮೆತ್ತಗೆ, ಬಿಸಿ ಟೋರ್ಟಿಯಾ ರೊಟ್ಟಿಯ ಅಂಚಿನ ಹಾಗೆ.

"ಕಾಯಿಸಿದ್ದಕ್ಕೂ ಒಂದು ತಕರಾರು ಹಾಕಿದೀರಿ," ಅಂದ ಅವನು. "ಸಾಲ ತಗೊಂಡಾಕೆಯ ಗಂಡ ಬರೋ ತನಕ ಆ ಮನೇಲಿ ಕೂತಿದ್ರಿ. ಏನು ಮಾಡ್ತಿದ್ರಿ?"

"ಅದು ಯಾಕೆ ಬೇಕು?"

"ದಾಖಲೆಗೆ."

"ಕಿಟಕಿಯಾಚೆ ಹಸಿ ಮೆಣಸಿನಕಾಯಿ ಸುಡ್ತಿದ್ರು. ಕಾಯಿ ತುಂಬಿದ ಜಾಲರಿ ಡ್ರಮ್ಮು ಬೆಂಕಿ ಮೇಲೆ ತಿರುಗೋದು ನೋಡ್ತಾ ಕೂತಿದ್ದೆ."

"ಘಮ ಹೇಗಿತ್ತು?"

"ಅದೂ ದಾಖಲೆಗಾ?"

"ಅದು ಬಹಳ ಮುಖ್ಯ ಮೇಡಂ. ಈ ಆಫೀಸಿನ ಕಿಟಕಿ ತೆರೆಯೋಕೆ ಬರಲ್ಲ."

ನಡೀನ್ ಕಣ್ಣು ಮುಚ್ಚಿಕೊಂಡು ಆ ಘಮ ಹೇಳಿದಳು. ಸುಟ್ಟ ಸಿಪ್ಪೆ, ಒದ್ದೆ ಗೋಣಿಚೀಲ, ಬಿಸಿಲು. ಆ ಕಡೆ ಉದ್ದಕ್ಕೆ ಉಸಿರೆಳೆದುಕೊಂಡದ್ದು ಕೇಳಿಸಿತು.

"ಸರಿ," ಅಂದ ಕೊನೆಗೆ, "ಇನ್ನೊಂದು ಸಣ್ಣ ವಿವರ ಬೇಕಾಗತ್ತೆ. ತಕರಾರು ತೆರೆದೇ ಇಡ್ತೀನಿ. ಮತ್ತೆ ಫೋನ್ ಮಾಡ್ತೀರಾ?"

"ಮಾಡದೆ ಬಿಡ್ತೀನಾ?"

ಇದಕ್ಕಿಂತ ಹೆಚ್ಚು ಮಾತಾಡುವ ಹಾಗಿರಲಿಲ್ಲ. ಕಂಪನಿಯವರು ಕಂಪನಿಯ ಲೈನು ಬಿಟ್ಟು ನೋಟರಿಗಳ ಜೊತೆ ಯಾವ ಸಂಪರ್ಕವನ್ನೂ ಇಟ್ಟುಕೊಳ್ಳಬಾರದು. ಆಫೀಸಿನ ಯಾರೋ ಒಬ್ಬಳು ಒಬ್ಬ ನೋಟರಿಗೆ ಕ್ರಿಸ್‌ಮಸ್ ಕಾರ್ಡ್ ಕಳಿಸಿ ಕೆಲಸ ಕಳಕೊಂಡಿದ್ದಳು. ಹೀಗಾಗಿ ಈ ಇಬ್ಬರಿಗೆ ಉಳಿದದ್ದು ತಕರಾರಿನ ಭಾಷೆ ಒಂದೇ. ಪ್ರೀತಿಸುವವರು ಹೂ ಕೊಡುತ್ತಾರೆ. ನಡೀನ್ ಪೆಟ್ರೋಲ್ ರಸೀದಿ ಕಳಿಸುತ್ತಿದ್ದಳು. ಮೊದಲಾದರೆ "ಹೋಗಲಿ ಬಿಡು" ಅನ್ನುತ್ತಿದ್ದ ಚಿಲ್ಲರೆ ವಿಷಯಗಳನ್ನೂ ಈಗ ಬಿಡುತ್ತಿರಲಿಲ್ಲ. ಮನೆಯಲ್ಲಿ ಒಬ್ಬಳೇ ಸೂಪ್ ಕಾಯಿಸುವಾಗ, ನಾಳೆ ಯಾವುದಕ್ಕೆ ಜಗಳ ತೆಗೆಯಲಿ ಎಂದು ಯೋಚಿಸುವಳು. ನಲವತ್ತರ ಹೆಂಗಸು ಹೀಗಾ ಅಂತ ತನಗೆ ತಾನೇ ಬೈದುಕೊಳ್ಳುವಳು.

ಒಂದು ಬುಧವಾರ ದಿನಸಿ ಅಂಗಡಿಯ ಮುಂದೆ ಕಾರು ನಿಲ್ಲಿಸಿದ್ದಾಗ ಫೋನ್ ಬಂತು. ಈ ಸಲ ಅವನೇ ಮಾಡಿದ್ದ.

"ಮಿಸ್ ಕ್ರಾಸೊವೆಚ್," ಅಂದ. ಧ್ವನಿಗೆ ಇಸ್ತ್ರಿ ಹಾಕಿದ ಹಾಗಿತ್ತು. "ನಮ್ಮ ಮೇಲ್ವಿಚಾರಕಿ ಗ್ರೆಚೆನ್ ಅವರೂ ಲೈನಿನಲ್ಲಿದ್ದಾರೆ."

"ನಮಸ್ಕಾರ," ಅಂದಿತು ಹೆಂಗಸಿನ ದನಿ. "ಓದಿ, ಆರ್ಲೋ."

ಅವನು ಓದಿದ. ಮುಗಿಯದ ತಕರಾರು ಹೆಚ್ಚಾಗಿರುವ ನೋಟರಿಗಳನ್ನು ಕಂಪನಿ ಪಟ್ಟಿಯಿಂದ ತೆಗೆಯುತ್ತದೆ. ಈ ಪ್ರದೇಶದಲ್ಲಿ ಅತಿ ಹೆಚ್ಚು ಮುಗಿಯದ ತಕರಾರು ಇರುವುದು ನಿಮ್ಮ ಹೆಸರಿನಲ್ಲಿ. ಶುಕ್ರವಾರದಿಂದ ನಿಮಗೆ ಕೆಲಸ ಬರುವುದಿಲ್ಲ.

ನಡೀನ್‌ಗೆ ಸ್ಟೀರಿಂಗ್ ಹಿಡಿದ ಕೈ ಕಾಣಿಸುತ್ತಿತ್ತು, ಅದು ತನ್ನದು ಅನ್ನಿಸಲಿಲ್ಲ. ಊರಿನ ಮುಕ್ಕಾಲು ಪಾಲು ಸಾಲದ ಕಾಗದ ಬರುವುದು ಈ ಕಂಪನಿಯ ಕೈಯಿಂದಲೇ. ಇದು ಹೋದರೆ ಉಳಿಯುವುದು ಮಾಜಿ ಅತ್ತೆ ಮಿಲ್ಕಾಳ ಬೇಕರಿ. ಡಿವೋರ್ಸ್ ಆದ ಮೇಲೂ ಮಿಲ್ಕಾ ಸೊಸೆಯನ್ನು ಬಿಟ್ಟಿರಲಿಲ್ಲ. "ಬಾ ಮಗಳೇ, ನಿನ್ನ ಏಪ್ರನ್ ಇನ್ನೂ ಮೊಳೆಗೇ ತೂಗ್ತಿದೆ," ಅನ್ನುತ್ತಿದ್ದಳು. ಆ ಏಪ್ರನ್ ಕಟ್ಟಿಕೊಂಡು, ಮಾಜಿ ಗಂಡ ಈಗಲೂ ಬಂದು ಹೋಗುವ ಹಿಂಬಾಗಿಲ ಪಕ್ಕದಲ್ಲಿ, ಮದುವೆಯ ಅಷ್ಟೂ ವರ್ಷ ಆಕ್ರೋಟಿನ ಸುರುಳಿ ರೊಟ್ಟಿ ಸುತ್ತಿದ್ದಳು ನಡೀನ್. ಮತ್ತೆ ಅಲ್ಲಿಗೆ?

"ಕೇಳಿದ ಕಾಗದ ಎಲ್ಲ ಅವತ್ತವತ್ತೇ ಕಳಿಸಿದೀನಿ," ಅಂದಳು. "ಮುಗಿಸದೆ ಇಟ್ಟೋರು ಯಾರು? ನಾನಾ? ಹೇಳಿ ಆರ್ಲೋ, ನಾನಾ?"

"ನಿಮ್ಮ ಬೇಸರ ನಮಗೆ ಅರ್ಥ ಆಗತ್ತೆ," ಅಂತ ಗ್ರೆಚೆನ್ ಶುರು ಮಾಡಿದಳು.

"ಅವರಲ್ಲ," ಅಂದ ಆರ್ಲೋ. "ನಾನು."

"ಏನು?" ಗ್ರೆಚೆನ್ ಕೇಳಿದಳು.

"ಅವರ ತಕರಾರು ಎಲ್ಲಾ ಸರಿಯಾಗಿದ್ವು. ಒಂದೇ ಫೋನಿನಲ್ಲಿ ಮುಗಿಸಬಹುದಿತ್ತು. ನಾನೇ ಮುಚ್ಚಲಿಲ್ಲ."

"ಯಾಕೆ?"

"ಮುಚ್ಚಿದ್ರೆ ಅವರು ಫೋನ್ ಮಾಡಲ್ವಲ್ಲ."

ಅಂಗಡಿ ಮುಂದೆ ಯಾರೋ ತಳ್ಳುಗಾಡಿಗಳನ್ನು ಒಂದರೊಳಗೊಂದು ಸೇರಿಸುತ್ತಿದ್ದರು. ಆ ಖಣಖಣದ ನಡುವೆ ಮಾತು ತಪ್ಪೀತೆಂದು ನಡೀನ್ ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"ಆರ್ಲೋ," ಗ್ರೆಚೆನ್ ದನಿ ತಗ್ಗಿಸಿದಳು, "ಇದೆಲ್ಲ ರೆಕಾರ್ಡ್ ಆಗ್ತಿದೆ ಮಾರಾಯ."

"ಅದಕ್ಕೇ ಇಲ್ಲೇ ಹೇಳ್ತಿದೀನಿ. ನಾಳೆ ಯಾರೂ ಅವರ ತಪ್ಪು ಅನ್ನಬಾರದು. ಅವರಿಗೆ ಇದು ಗೊತ್ತೂ ಇರಲಿಲ್ಲ."

"ಮಿಸ್ ಕ್ರಾಸೊವೆಚ್, ನಿಮ್ಮಿಬ್ಬರ ನಡುವೆ ಏನಾದರೂ ಇದೆಯಾ?"

ನಡೀನ್ ಬಾಯಿ ತೆರೆದಳು. ಹೌದು ಅಂದರೆ ಪಟ್ಟಿಯಿಂದ ಹೆಸರು ಹೋಗುತ್ತದೆ. ಅವನು ಕೆಲಸ ಪಣಕ್ಕಿಟ್ಟು ಆಡಿದ ಮಾತೂ ನೀರಲ್ಲಿ ಹೋಮ ಆಗುತ್ತದೆ. ಇಲ್ಲ ಅಂದರೆ ಅದು ಸುಳ್ಳು. ದಿನವಿಡೀ ಜನರಿಂದ ನಿಜದ ಪ್ರಮಾಣ ಮಾಡಿಸುವವಳಿಗೆ ಆ ಎರಡಕ್ಷರ ಹೇಳಲು ಮನಸ್ಸು ಬರಲಿಲ್ಲ.

"ನಡೀನ್," ಅಂದ ಅವನು. ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ಏನೂ ಹೇಳಬೇಡಿ. ದಯವಿಟ್ಟು."

"ನಾನು ಆ ಮನುಷ್ಯನ ಮುಖಾನೇ ನೋಡಿಲ್ಲ," ಅಂದಳು ನಡೀನ್. ನಿಜವೇ. ಆದರೂ ನಾಲಿಗೆ ಮೇಲೆ ಮೆಣಸಿನ ಬೀಜ ಸಿಕ್ಕ ಹಾಗೆ ಉರಿಯಿತು.

"ಆಗಲಿ," ಅಂದಳು ಗ್ರೆಚೆನ್. "ನಿಮ್ಮ ತಕರಾರುಗಳನ್ನೆಲ್ಲ ನಿಮ್ಮ ಪರವಾಗಿ ಮುಚ್ಚುತ್ತಿದ್ದೇನೆ. ಪಟ್ಟಿಯಲ್ಲಿ ನೀವು ಇರ್ತೀರಿ. ಆರ್ಲೋ, ಐದು ಗಂಟೆಗೆ ಬ್ಯಾಡ್ಜ್ ಕೊಟ್ಟು ಹೋಗು."

ಲೈನು ಕಟ್ಟಾಯಿತು.

ಕೆಲಸ ಉಳಿಯಿತು, ತಕರಾರು ಒಂದೂ ಉಳಿಯಲಿಲ್ಲ. ಅವನಿಗೆ ಫೋನ್ ಮಾಡಲು ಇನ್ನು ಒಂದು ನೆಪವೂ ಇಲ್ಲ, ನಂಬರೂ ಇಲ್ಲ. ಬೇಕರಿಯಿಂದ ತಪ್ಪಿಸಿ ಇನ್ನೊಂದು ಪಂಜರದಲ್ಲಿ ಕೂಡಿಹಾಕಿದ ಹಾಗಾಯಿತು. ನಡೀನ್ ಗಡಿಯಾರ ನೋಡಿದಳು, ಐದಕ್ಕೆ ಇನ್ನೂ ಹೊತ್ತಿತ್ತು. ಕಾರನ್ನು ಉತ್ತರಕ್ಕೆ, ಅವನ ಆಫೀಸಿನ ಕಡೆ ತಿರುಗಿಸಿದಳು.

ಆಫೀಸಿನ ಸುತ್ತ ಬೇಲಿ, ಬ್ಯಾಡ್ಜ್ ತೋರಿಸಿದರೆ ಮಾತ್ರ ತೆರೆಯುವ ಗೇಟು. ಮುಂದೆ ಹೋಗುತ್ತಿದ್ದ ವ್ಯಾನಿನ ಬೆನ್ನಿಗೆ ಅಂಟಿಕೊಂಡು ಗೇಟು ದಾಟಿದಳು. ಬಾಗಿಲಿಂದ ಗಂಡಸರು ಬರತೊಡಗಿದರು. ಉದ್ದದವರು, ಕುಳ್ಳರು, ಟೋಪಿಯವರು. ಎಲ್ಲರ ಮುಖವನ್ನೂ ಪೊಲೀಸಿನವಳ ಹಾಗೆ ದಿಟ್ಟಿಸಿದಳು. ಇವನಾ? ಅಯ್ಯೋ, ಬೇಡಪ್ಪ. ಇವನಾ?

"ಗಿಡಕ್ಕೆ ನೀರು ಹಾಕೋದು ಮರೀಬೇಡ ಮಾರಾಯ," ಅಂತ ಯಾರೋ ಬಾಗಿಲ ಒಳಗಿನ ಕಾವಲುಗಾರನಿಗೆ ಹೇಳುತ್ತಿದ್ದರು.

ಆ ಧ್ವನಿ! ಕಿವಿ ದೊಡ್ಡದು, ಕೂದಲು ಅರ್ಧ ಬೆಳ್ಳಗೆ, ಅಂಗಿಯ ಒಂದು ಗುಂಡಿ ತಪ್ಪಿ ಹಾಕಿಕೊಂಡಿದ್ದಾನೆ.

"ಒಂದು ತಕರಾರಿತ್ತು," ಅಂದಳು ನಡೀನ್.

ಅವನು ನಿಂತಲ್ಲೇ ನಿಂತ. ತಿರುಗಲು ಹೆದರಿದವನ ಹಾಗೆ ನಿಧಾನ ತಿರುಗಿದ. ಅವಳ ಮುಖ ನೋಡಿದ, ಕಣ್ಣು ಕೆಳಗೆ ಮಾಡಿದ, ಸಾಲದೆಂಬಂತೆ ಮತ್ತೆ ನೋಡಿದ.

"ಪಾರ್ಕಿಂಗಿಗೆ ಕೊಟ್ಟ ಒಂದು ಡಾಲರ್ ವಾಪಸ್ ಕೇಳಿದ್ದೆ, ಜ್ಞಾಪಕ ಇದೆಯಾ?" ಅಂದಳು. "ಒಂದು ಡಾಲರಿಗೆ ಯಾರಾದರೂ ಜಗಳ ಆಡ್ತಾರಾ, ಪೆದ್ದ?"

"ನಾನು ಅಂದ್ಕೊಂಡಿದ್ದೆ, ಈ ಹೆಂಗಸು ಮಹಾ ಜಗಳಗಂಟಿ ಅಂತ."

"ಜಗಳಗಂಟೀನೇ. ಕಾರು ಹತ್ತು."

ಕಾರು ಗೇಟಿನ ಮುಂದೆ ಬಂತು. ಗೇಟು ಅಲುಗಲಿಲ್ಲ.

"ಹೊರಗೆ ಹೋಗೋಕೂ ಬ್ಯಾಡ್ಜ್ ಬೇಕು," ಅಂದ ಆರ್ಲೋ. "ನನ್ನದು ಈಗ ತಾನೇ ಕಿತ್ತುಕೊಂಡ್ರು."

"ಅಂದ್ರೆ?"

"ಇನ್ಯಾರಾದ್ರೂ ಬರೋ ತನಕ ಸಿಕ್ಕಿಹಾಕ್ಕೊಂಡ್ವಿ."

ನಡೀನ್ ಎಂಜಿನ್ ಆರಿಸಿದಳು. ಹೇಳಬೇಕಾದದ್ದು ಬೆಟ್ಟದಷ್ಟಿತ್ತು. ಈಗ ಯಾರೂ ರೆಕಾರ್ಡ್ ಮಾಡುತ್ತಿರಲಿಲ್ಲ. ಕೈ ಚಾಚಿ ಅವನ ತಪ್ಪಿದ ಗುಂಡಿ ಬಿಚ್ಚಿ ಸರಿಯಾಗಿ ಹಾಕಿದಳು. ಅವನು ಆ ಕೈಯನ್ನು ಎದೆಯ ಮೇಲೆ ಹಾಗೇ ಹಿಡಿದುಕೊಂಡ. ಬೆರಳಿಗೆ ಮುದ್ರೆಯ ಶಾಯಿ ಮೆತ್ತಿತ್ತು. ಅವನ ಅಂಗಿಗೂ ಮೆತ್ತಿತು.

"ಗ್ರೆಚೆನ್ ಕೇಳಿದ್ಲಲ್ಲ, ನಮ್ಮಿಬ್ಬರ ನಡುವೆ ಏನಾದರೂ ಇದೆಯಾ ಅಂತ," ಅಂದಳು ನಡೀನ್. "ಇದೆ."

ಪಕ್ಕದಿಂದ ಒಂದು ಕಾರು ಬಂತು. ಅದರ ಚಾಲಕಿ ಬ್ಯಾಡ್ಜ್ ತೋರಿಸಿದಳು, ಗೇಟು ಗರಗರ ತೆರೆಯಿತು. ಆಕೆ ಕಿಟಕಿಯಿಂದ ತಲೆ ಹೊರಹಾಕಿ, "ಬರ್ತೀರಾ? ಮುಚ್ಚಿಕೊಳ್ಳತ್ತೆ!" ಎಂದು ಕೂಗಿದಳು.

ಆರ್ಲೋ ನಡೀನಳನ್ನು ನೋಡಿದ.

"ನೀವು ಹೋಗಿ," ಎಂದು ನಡೀನ್ ಆಕೆಗೆ ಕೈ ಬೀಸಿದಳು. ಇನ್ನೊಂದು ಕೈ ಅವನ ಹತ್ತಿರವೇ ಇತ್ತು.

ಗೇಟು ಮುಚ್ಚಿಕೊಂಡಿತು.