ಹೆರಾಲ್ಡ್ ರಾಜ ಬಿದ್ದ ಜಾಗದ ಕಲ್ಲು

ಸೋಮವಾರ ಬೆಳಿಗ್ಗೆ ಒಂಬತ್ತು ಹೊಡೆದ ಸ್ವಲ್ಪ ಹೊತ್ತಿಗೆ ಮಿಷಿಗನ್ನಿನ ಆನ್ ಆರ್ಬರ್ ಪೊಲೀಸ್ ಠಾಣೆಗೆ ದೂರು ಬಂತು. ಊರಿನ ಒಂದು ಪುಟ್ಟ ಮ್ಯೂಸಿಯಂನಿಂದ ಕಲ್ಲು ಕಳವಾಗಿದೆ. ‘ಏನು, ಕಲ್ಲಾ?’ ಎಂದು ಫೋನ್ ಎತ್ತಿದವನು ಎರಡು ಸಲ ಕೇಳಿದನಂತೆ. ಹೌದು ಸ್ವಾಮಿ, ಕಲ್ಲೇ. ದೂರು ಕೊಟ್ಟವಳು ಮ್ಯೂಸಿಯಂನ ಕ್ಯುರೇಟರ್ ಮೈತ್ರೇಯಿ ಶ್ಯಾಮ್, ಮೂವತ್ತೈದು ವರ್ಷ. ಕೇಸು ಡಿಟೆಕ್ಟಿವ್ ತೇಜಸ್ವಿನಿ ಗದಿಗೆಪ್ಪಳ ಪಾಲಿಗೆ ಬಂತು. ಧಾರವಾಡದಲ್ಲಿ ಹುಟ್ಟಿ ಆರನೇ ವಯಸ್ಸಿಗೇ ಮಿಷಿಗನ್ನಿಗೆ ಬಂದವಳು ಅವಳು. ದೂರುದಾರಳು ಪರಿಚಯದ ಮನೆಯವಳೆಂದು ಗೊತ್ತಾಗಿದ್ದೇ ತಡ, ಫೈಲನ್ನು ಒಮ್ಮೆ ಮುಚ್ಚಿ ಮತ್ತೆ ತೆರೆದಳು. ನಮ್ಮವರ ಕೇಸು ಎಂದರೆ ಮುಗಿಯಿತು, ಸಂಜೆಯೊಳಗೆ ಇಡೀ ಕನ್ನಡ ಕೂಟದ ವಾಟ್ಸಾಪ್ ಗುಂಪು ಅವಳನ್ನೇ ವಿಚಾರಣೆಗೆ ಎಳೆಯುತ್ತದೆ.

ಭಾರತದಲ್ಲಾದರೆ ಎಫ್‌ಐಆರ್ ಬರೆದು, ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರನ್ನು ಪಂಚರೆಂದು ಕರೆತಂದು ಪಂಚನಾಮೆ ಮಾಡುತ್ತಿದ್ದರು. ಇಲ್ಲಿ ಆ ಕೆಲಸ ಆಫೀಸರ್ ಕೊವಾಲ್ಸ್ಕಿಯ ಕ್ಯಾಮರಾದ್ದು. ಗ್ಯಾಲರಿಯ ನಡುವೆ ಬಿಳಿ ಕಟ್ಟೆಯೊಂದು ಬರಿದಾಗಿ ನಿಂತಿತ್ತು. ಪ್ರದರ್ಶನ ಮುಂದಿನ ವಾರ, ಗಾಜಿನ ಪೆಟ್ಟಿಗೆ ಇನ್ನೂ ಬಂದಿರಲಿಲ್ಲ. ಬೀಗ ಮುರಿದಿಲ್ಲ, ಕಿಟಕಿ ಒಡೆದಿಲ್ಲ. ಇಂಗ್ಲಿಷಿನಲ್ಲಿ ಶುರುವಾದ ವಿಚಾರಣೆ ಎರಡನೇ ಪ್ರಶ್ನೆಗೇ ಕನ್ನಡಕ್ಕೆ ಜಾರಿತು.

“ಎಷ್ಟು ದೊಡ್ಡ ಕಲ್ಲು?”

“ರುಬ್ಬೋ ಗುಂಡಿನಷ್ಟು. ಒಂದು ಮೈಗೆ ಹಲ್ಲುಹಲ್ಲಾಗಿ ಕೆತ್ತನೆ ಇದೆ.”

“ಅದಕ್ಕೇನು ಅಂಥಾ ಬೆಲೆ?”

ಮೈತ್ರೇಯಿಯ ಕಣ್ಣು ಅತ್ತು ಕೆಂಪಾಗಿತ್ತು. ಆದರೂ ಕತೆ ಶುರು ಮಾಡಿದ ಮೇಲೆ ದನಿ ಗಟ್ಟಿಯಾಯಿತು. “ಸಾವಿರದ ಅರವತ್ತಾರನೇ ಇಸವಿ. ನಾರ್ಮಂಡಿಯ ವಿಲಿಯಂ ಸಮುದ್ರ ದಾಟಿ ಇಂಗ್ಲೆಂಡಿನ ಮೇಲೆ ದಂಡೆತ್ತಿ ಬಂದ. ಹೇಸ್ಟಿಂಗ್ಸ್ ಹತ್ರ ಒಂದು ಗುಡ್ಡದ ಮೇಲೆ ಹೆರಾಲ್ಡ್ ರಾಜ ಸತ್ತ. ಗೆದ್ದೋನು ಅಲ್ಲೇ ಒಂದು ಮಠ ಕಟ್ಟಿಸ್ದ. ಹೆರಾಲ್ಡ್ ಬಿದ್ದ ಜಾಗದಲ್ಲೇ ಪೂಜಾಪೀಠ ಇರ್ಬೇಕು ಅಂತ ಹಟ. ಸನ್ಯಾಸಿಗಳು ‘ಇಲ್ಲಿ ನೀರೇ ಇಲ್ಲ’ ಅಂದ್ರೆ, ‘ಬೇರೆ ಮಠದಲ್ಲಿ ನೀರಿರೋದಕ್ಕಿಂತ ಜಾಸ್ತಿ ಇಲ್ಲಿ ವೈನ್ ಇರೋ ಹಾಗೆ ಮಾಡ್ತೀನಿ’ ಅಂದ್ನಂತೆ.”

“ಗೆದ್ದೋನಿಗೆ ಮಠ ಯಾಕೆ?”

“ಅಷ್ಟು ಜನರನ್ನ ಕೊಂದಿದ್ದಕ್ಕೆ ಪ್ರಾಯಶ್ಚಿತ್ತ. ಪೂರ್ತಿ ಆಗೋದನ್ನ ನೋಡೋಕೆ ಅವನೇ ಬದುಕಿರ್ಲಿಲ್ಲ ಬಿಡಿ. ಈ ಕಲ್ಲು ಆ ಪೀಠದ್ದು. ಅಪ್ಪ ಆಫೀಸ್ ಕೆಲಸಕ್ಕೆ ಇಂಗ್ಲೆಂಡಿಗೆ ಹೋದಾಗ ಹಳೇ ಸಾಮಾನಿನ ಅಂಗಡೀಲಿ ತಗೊಂಡಿದ್ರು. ಅಮ್ಮ ಹೋದ್ಮೇಲೆ ನಾನೇ ಕಾಡಿ ಮ್ಯೂಸಿಯಂಗೆ ಡೊನೇಟ್ ಮಾಡಿಸ್ದೆ.” ಅವಳು ಬರಿ ಕಟ್ಟೆಯ ಮೇಲೆ ಕೈಯಿಟ್ಟಳು. “ಬುಧವಾರ ಜಿಯಾಲಜಿಯವರು ಬಂದು ಟೆಸ್ಟ್ ಮಾಡೋದಿತ್ತು. ಮಠಕ್ಕೆ ಮೊದಮೊದಲು ಕಲ್ಲನ್ನ ನಾರ್ಮಂಡಿಯಿಂದಲೇ ಹಡಗಲ್ಲಿ ತರಿಸಿದ್ರಂತೆ. ಇದೂ ಅಲ್ಲಿಯ ಕಲ್ಲು ಅಂತ ಪ್ರೂವ್ ಆದ್ರೆ ನನ್ನ ಪುಸ್ತಕ ಬರುತ್ತೆ, ಶಿಕಾಗೋದಲ್ಲಿ ಪ್ರೊಫೆಸರ್ ಕೆಲಸ ಸಿಗುತ್ತೆ. ನನ್ನ ಜೀವನ ಪೂರ್ತಿ ಅದರ ಮೇಲೆ ನಿಂತಿದೆ.”

ಗ್ಯಾಲರಿಯ ಬಾಗಿಲಾಚೆ ಕೊವಾಲ್ಸ್ಕಿ ಮೊಣಕಾಲೂರಿ ಕೂತಿದ್ದ. ಕಪ್ಪು ನೆಲದ ಮೇಲೆ, ಗೋಡೆಗೆ ಒತ್ತಿ, ಎರಡು ಬಿಳಿ ಅಚ್ಚು. ಹಿಮ ಕರಗಲೆಂದು ರಸ್ತೆಗೆ ಚೆಲ್ಲುವ ಉಪ್ಪು ಬೂಟಿಗೆ ಮೆತ್ತಿಕೊಂಡು, ನೀರಿಳಿದು ಒಣಗಿದ ಮೇಲೆ ಇಂಥ ಗೆರೆ ಉಳಿಯುತ್ತದೆ. ಜೋಡಿ ಪಕ್ಕಪಕ್ಕದಲ್ಲಿ, ಅಚ್ಚುಕಟ್ಟು.

“ಬೂಟು ಬಿಚ್ಚಿಟ್ಟು ಒಳಗೆ ಹೋಗಿದ್ದಾನೆ. ಸದ್ದಾಗಬಾರದು ಅಂತ ಇರಬೇಕು,” ಎಂದ ಕೊವಾಲ್ಸ್ಕಿ.

“ಒಳಗೆ ಕಾರ್ಪೆಟ್ ಇದೆ. ಸದ್ದಾಗುವುದೇ ಈ ಹೊರಗಿನ ನೆಲದಲ್ಲಿ.”

ಅವನು ತಲೆ ಕೆರೆದುಕೊಂಡ. ತೇಜಸ್ವಿನಿಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಹಿಂಬಾಗಿಲಿನ ಕಾರ್ಡ್ ದಾಖಲೆ ಬಂದಾಗಲಂತೂ ಚಡಪಡಿಕೆ ದುಪ್ಪಟ್ಟಾಯಿತು. ಭಾನುವಾರ ಮಧ್ಯಾಹ್ನ, ಮ್ಯೂಸಿಯಂಗೆ ರಜೆಯಿದ್ದಾಗ ಬಾಗಿಲು ತೆರೆದದ್ದು ಒಂದೇ ಕಾರ್ಡು. ಅದು ಮೈತ್ರೇಯಿಯದು.

“ನಿನ್ನೆ ಮಧ್ಯಾಹ್ನ ಎಲ್ಲಿದ್ರಿ?”

“ಸೌತ್‌ಫೀಲ್ಡಲ್ಲಿ, ಅಪ್ಪನ ಮನೇಲಿ. ಬಿಸಿಬೇಳೆಬಾತ್ ತಿಂದು ಮಲಗಿಬಿಟ್ಟೆ. ಎದ್ದಾಗ ಕತ್ಲಾಗ್ತಿತ್ತು.”

“ಕಾರ್ಡು?”

“ಹ್ಯಾಂಡ್‌ಬ್ಯಾಗಲ್ಲಿ.”

“ಅಪ್ಪ?”

“ದೇವಸ್ಥಾನಕ್ಕೆ ಹೋಗಿದ್ರು.”

ಕೊವಾಲ್ಸ್ಕಿ ತೇಜಸ್ವಿನಿಯನ್ನು ಪಕ್ಕಕ್ಕೆ ಕರೆದ. ಅವನ ಲೆಕ್ಕ ಸಲೀಸಾಗಿತ್ತು. ಟೆಸ್ಟಿನಲ್ಲಿ ಕಲ್ಲು ಫೇಲಾದೀತೆಂದು ಹೆದರಿ ಕ್ಯುರೇಟರ್ ತಾನೇ ಎತ್ತಿಟ್ಟು, ತಾನೇ ದೂರು ಕೊಟ್ಟಿದ್ದಾಳೆ. “ಅಚ್ಚು ಹನ್ನೊಂದನೇ ಸೈಜಿನ ಗಂಡಸಿನ ಬೂಟು. ಇವಳ ಪಾದ ನೋಡಿದೆಯಾ?” ಎಂದಳು ತೇಜಸ್ವಿನಿ. “ಜೊತೆಗಾರ ಇರಬಹುದು,” ಎಂದ ಅವನು. ಅದೂ ಸರಿಯೇ.

ಅವಳು ಮತ್ತೆ ಮೈತ್ರೇಯಿಯ ಬಳಿ ಹೋದಳು. “ಕಲ್ಲು ನಿಮ್ಮನೇಲಿದ್ದಾಗ ಎಲ್ಲಿಟ್ಟಿದ್ರಿ?”

“ದೇವರ ಮನೇಲಿ. ಯಾವ ದೇವರಾದ್ರೇನು, ಪೂಜೆ ಕಂಡ ಕಲ್ಲು ಅಂತ ಅಮ್ಮ ದಿನಾ ಹೂ ಇಡ್ತಿದ್ರು. ಯಾಕೆ?”

“ಸುಮ್ನೆ ಕೇಳಿದೆ,” ಎಂದಳು ತೇಜಸ್ವಿನಿ. ಸುಮ್ಮನೆ ಏನಲ್ಲ. ದೇವರ ಮನೆಯ ಮುಂದೆ ಚಪ್ಪಲಿ ಬಿಡಬೇಕೆಂದು ನಮ್ಮವರ ಕಾಲಿಗೆ ಯಾರೂ ನೆನಪಿಸಬೇಕಿಲ್ಲ, ಕದಿಯಲು ಹೊರಟರೂ ಅಷ್ಟೇ.

ಎಂ-14 ಹೆದ್ದಾರಿಯಲ್ಲಿ ಹಿಮ ಬೀಳುತ್ತಿತ್ತು. ಸೌತ್‌ಫೀಲ್ಡ್ ಕಡೆಗೆ ಹೊರಟ ಕಾರಿನಲ್ಲಿ ತೇಜಸ್ವಿನಿಯ ಫೋನ್ ಗುಣುಗುಟ್ಟಿತು. ಅಪ್ಪ ಗದಿಗೆಪ್ಪ.

“ಏನವಾ ತೇಜೂ, ಮೈತ್ರೇಯಿ ಮ್ಯೂಸಿಯಂನಾಗ ಕಳವು ಆಗೇತಂತಲ್ಲ? ಸಂಕ್ರಮಣಕ್ಕ ಅವರ ಮನ್ಯಾಗ ಉಂಡು ಬಂದೇವಿ, ನೆನಪೈತಿಲ್ಲ?”

“ಡ್ಯೂಟಿ ಮ್ಯಾಲ ಅದೀನಪ್ಪ. ನಿನ್ನೆ ದೇವಸ್ಥಾನದಾಗ ಅಕಿ ಅಪ್ಪ ಶ್ಯಾಮ್ ಅಂಕಲ್ ಸಿಕ್ಕಿದ್ರೇನು?”

“ಯಾವ ದೇವಸ್ಥಾನ? ಹಿಮ ಭಾಳ ಅಂತ ಮಧ್ಯಾಹ್ನನ ಬಾಗಲಾ ಹಾಕಿದ್ರು. ನಾನಽ ಹೊಳ್ಳಿ ಬಂದೆ.”

ಅವಳು ಫೋನ್ ಇಟ್ಟಳು. ಈ ಅಪ್ಪನನ್ನು ಮಾತಾಡಿಸಲೇಬಾರದಿತ್ತು ಎನಿಸಿತು.

ಸೌತ್‌ಫೀಲ್ಡ್ ಬೇರೆ ಠಾಣೆಯ ಹದ್ದು, ಅಲ್ಲಿಯ ಪೊಲೀಸರಿಗೆ ಮೊದಲೇ ತಿಳಿಸಿದ್ದಳು. ಅವರ ಕಾರು ಬೀದಿಯ ತುದಿಯಲ್ಲಿ ನಿಂತಿತ್ತು. ಬಾಗಿಲು ತೆರೆದ ಶ್ಯಾಮ್‌ಗೆ ಅರವತ್ತೆಂಟು. ಕಾರಿನ ಬಿಡಿಭಾಗದ ಕಂಪನಿಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. “ಬಾಮ್ಮ ತೇಜು, ಕಾಫಿ ಮಾಡ್ಲಾ?” ಎಂದರು.

“ಬೇಡ ಅಂಕಲ್. ನಿನ್ನೆ ಮಧ್ಯಾಹ್ನ ಎಲ್ಲಿದ್ರಿ?”

“ದೇವಸ್ಥಾನದಲ್ಲಿ.”

“ಪ್ರಸಾದ ಏನಿತ್ತು?”

“ಪುಳಿಯೋಗರೆ.”

“ದೇವಸ್ಥಾನ ಮುಚ್ಚಿತ್ತು ಅಂಕಲ್.”

ಅವರು ಪಕ್ಕದ ಕುರ್ಚಿಯಲ್ಲಿ ಕೂತರು. ತೇಜಸ್ವಿನಿ ಮನಸ್ಸು ಗಟ್ಟಿ ಮಾಡಿಕೊಂಡು ಮುಂದಿನದನ್ನು ಹೇಳಿದಳು. “ಬಾಗಿಲು ತೆರೆದಿದ್ದು ಮೈತ್ರೇಯಿ ಕಾರ್ಡು. ಈಗಿರೋ ಸಾಕ್ಷಿ ಎಲ್ಲಾ ಅವಳನ್ನೇ ತೋರಿಸ್ತಿದೆ.”

“ಕಾರ್ಡಲ್ಲಿ ಹೆಸರು ಬರುತ್ತಾ?” ಶ್ಯಾಮ್ ದಡಕ್ಕನೆ ಎದ್ದರು. “ಅಯ್ಯೋ ರಾಮ! ನಾನು ಬರೀ ಬೀಗದ ಕೈ ಅಂದ್ಕೊಂಡೆ. ಅವಳಿಗೇನೂ ಗೊತ್ತಿಲ್ಲಮ್ಮ. ಅವಳು ಮಲಗಿದ್ದಾಗ ಬ್ಯಾಗಿಂದ ಕಾರ್ಡ್ ತಗೊಂಡು ಹೋಗಿ ಕಲ್ಲು ತೆಗೆದಿದ್ದು ನಾನೇ.”

ತೇಜಸ್ವಿನಿ ಅವರನ್ನು ತಡೆದು, ಸುಮ್ಮನಿರುವ ಹಕ್ಕಿದೆ, ವಕೀಲರನ್ನು ಕರೆಸುವ ಹಕ್ಕಿದೆ ಎಂದು ಕಾನೂನಿನ ಪ್ರಕಾರ ಹೇಳಬೇಕಾದ್ದನ್ನೆಲ್ಲ ಹೇಳಿದಳು. ಅವರು ಕೇಳಿಸಿಕೊಳ್ಳುವ ಸ್ಥಿತಿಯಲ್ಲೇ ಇರಲಿಲ್ಲ. ಅಡುಗೆಮನೆಗೆ ನಡೆದು ಅಕ್ಕಿ ಡಬ್ಬದ ಮುಚ್ಚಳ ತೆಗೆದರು. ಸೋನಾ ಮಸೂರಿಯ ಅಡಿಯಲ್ಲಿ ಕಲ್ಲು ಇತ್ತು. ಹೊಳೆಗೆ ಎಸೆಯಲೆಂದು ಸೇತುವೆಯ ತನಕ ಹೋಗಿದ್ದರಂತೆ. ಹೆಂಡತಿ ವತ್ಸಲಾ ಹೂವಿಟ್ಟ ಕಲ್ಲನ್ನು ಎಸೆಯಲು ಕೈ ಬರಲಿಲ್ಲವಂತೆ.

“ಯಾಕೆ ಅಂಕಲ್?”

“ಇದು ಇಂಗ್ಲೆಂಡಿಂದಲ್ಲ. ಇಪ್ಪತ್ತಾರು ವರ್ಷದ ಹಿಂದೆ ಡೆಟ್ರಾಯಿಟಲ್ಲಿ ಒಂದು ಹಳೇ ಚರ್ಚ್ ಕೆಡವ್ತಿದ್ರು. ಅದರ ಕಸದ ರಾಶಿಯಿಂದ ಎತ್ಕೊಂಡು ಬಂದಿದ್ದು. ಇಲ್ಲೇ ಪಕ್ಕದ ಇಂಡಿಯಾನಾ ರಾಜ್ಯದ ಕಲ್ಲಿರಬೇಕು. ಬುಧವಾರ ಟೆಸ್ಟ್ ಮಾಡಿದ್ರೆ ಐದೇ ನಿಮಿಷದಲ್ಲಿ ಗೊತ್ತಾಗ್ಬಿಡುತ್ತೆ.” ಅವರು ಅವಳೆದುರು ಕೈ ಮುಗಿದರು. “ನಿನ್ನ ಕಾಲು ಹಿಡೀತೀನಿ. ಮಾರೋಕೆ ಕದ್ದ ಅಂತ ಬರಿ. ಕಳ್ಳನ ಮಗಳು ಅಂತ ಅನ್ನಿಸ್ಕೊಳ್ಳಲಿ, ಪರವಾಗಿಲ್ಲ. ಕಲ್ಲು ಸುಳ್ಳು ಅಂತ ಅವಳಿಗೆ ಗೊತ್ತಾಗೋದು ಬೇಡ.”

“ಇದ್ದದ್ದನ್ನ ಬರೀಬೇಕು ಅಂಕಲ್.”

ಸಂಜೆ ಠಾಣೆಯಲ್ಲಿ ಮೈತ್ರೇಯಿಗೆ ವಿಷಯ ಹೇಳಿದವಳೂ ತೇಜಸ್ವಿನಿಯೇ. ಆಮೇಲೆ ಅಪ್ಪ ಮಗಳನ್ನು ವಿಚಾರಣೆಯ ಕೋಣೆಯಲ್ಲಿ ಎದುರುಬದುರು ಕೂರಿಸಿ, ತಾನು ಬಾಗಿಲ ಬಳಿ ನಿಂತಳು.

“ನನಗೆ ಹೇಳಿದ್ದೆಲ್ಲಾ ಬುರುಡೆನಾ?” ಎಂದಳು ಮೈತ್ರೇಯಿ.

“ಯುದ್ಧ, ಮಠ ಎಲ್ಲಾ ನಿಜಾನೇ. ಲೈಬ್ರರಿ ಪುಸ್ತಕದಲ್ಲಿ ಓದಿದ್ದೆ. ಕಲ್ಲೊಂದೇ...” ಶ್ಯಾಮ್ ತಲೆ ತಗ್ಗಿಸಿದರು. “ನಿಂಗೆ ಒಂಬತ್ತು ವರ್ಷ. ನೂರ ನಾಲ್ಕು ಜ್ವರ. ಮಂಕಾಗಿ ಬಿದ್ಕೊಂಡಿದ್ದೆ. ಕತೆ ಹೇಳಿದ್ರೆ ಕಣ್ಣು ಬಿಡ್ತಿದ್ದೆ. ಇದು ಆ ರಾಜ ಬಿದ್ದ ಜಾಗದ ಕಲ್ಲು ಅಂತ ಕೈಗೆ ಕೊಟ್ಟೆ. ಎದ್ದು ಕೂತ್ಕೊಂಡೆ ಕಂದಾ.”

“ಆಮೇಲಾದ್ರೂ ಹೇಳ್ಬೇಕಿತ್ತು ತಾನೆ? ಪಿಎಚ್‌ಡಿ ಮಾಡುವಾಗ? ಪುಸ್ತಕ ಬರೆಯುವಾಗ?”

“ಹೇಳೋಣ ಅಂದ್ಕೊಂಡಾಗೆಲ್ಲಾ ನೀನು ಇನ್ನೊಂದು ಮೆಟ್ಟಿಲು ಹತ್ತಿರ್ತಿದ್ದೆ.”

ಮೈತ್ರೇಯಿ ಮೇಜಿಗೆ ಗುದ್ದಿದಳು. ಅತ್ತಳು. ಮೂಗು ಒರೆಸಿಕೊಂಡು ಎದ್ದಳು. ಮ್ಯೂಸಿಯಂ ಬಯಸಿದರೆ ದೂರು ಕೈಬಿಡುವ ಬಗ್ಗೆ ಸರ್ಕಾರಿ ವಕೀಲರಾದ ಪ್ರಾಸಿಕ್ಯೂಟರ್ ಜೊತೆ ಮಾತಾಡಬಹುದು ಎಂದು ತೇಜಸ್ವಿನಿ ಮೆತ್ತಗೆ ಹೇಳಿದಳು.

“ಬೇಡ. ದೂರು ಹಾಗೇ ಇರ್ಲಿ. ನಾನೇ ಮುಚ್ಚಿಹಾಕಿದ್ರೆ ನಾಳೆಯಿಂದ ಯಾವ ಮುಖ ಇಟ್ಕೊಂಡು ಇತಿಹಾಸದ ಮಾತಾಡ್ಲಿ?”

ಅವಳು ಹೊರಗೆ ಹೋದ ಮೇಲೆ ಶ್ಯಾಮ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಹೀಗೇ ಹೇಳ್ತಾಳೆ ಅಂತ ಗೊತ್ತಿತ್ತು,” ಎಂದರು. ಆ ದನಿಯಲ್ಲಿ ದುಃಖವೂ ಇತ್ತು, ಹೆಮ್ಮೆಯೂ ಇತ್ತು.

ತೇಜಸ್ವಿನಿ ವರದಿ ಬರೆಯಲು ಕೂತಳು. ವಸ್ತು ಪತ್ತೆ. ಆರೋಪಿ ಶ್ಯಾಮ್ ಬಂಧನ. ಕಾರಣ ಎಂಬಲ್ಲಿಗೆ ಬಂದು ಮೂರು ಸಲ ಬರೆದು ಅಳಿಸಿದಳು. ಕೊನೆಗೆ, ಒಂಬತ್ತು ವರ್ಷದ ಮಗಳನ್ನು ಎಬ್ಬಿಸಿ ಕೂರಿಸಿದ ಕತೆ ಮೂವತ್ತೈದರಲ್ಲಿ ಅವಳನ್ನು ಬೀಳಿಸಬಾರದೆಂದು ಇವರು ಕದ್ದಿದ್ದಾರೆ, ಎಂದು ಬರೆದಳು.

ಗಾಜಿನಾಚೆ ಬೆಂಚಿನ ಮೇಲೆ ಮೈತ್ರೇಯಿ ಶಿಕಾಗೋಗೆ ಫೋನ್ ಮಾಡುತ್ತಿದ್ದಳು. ಆ ಕಲ್ಲು ಮಠದ್ದಲ್ಲ, ಡೆಟ್ರಾಯಿಟಿನದು, ನನ್ನ ಪುಸ್ತಕ ತಪ್ಪು ಎಂದು ಇಂಗ್ಲಿಷಿನಲ್ಲಿ ತಡವರಿಸದೆ ಹೇಳಿದಳು. ಫೋನ್ ಇಟ್ಟವಳು ಮನೆಗೆ ಹೋಗಲಿಲ್ಲ. ಕೋಟಿನ ಗುಂಡಿ ಹಾಕಿಕೊಂಡು ಅಲ್ಲೇ ಕೂತಳು. ಕೊವಾಲ್ಸ್ಕಿ ಯಾಕೆಂದು ಕೇಳಿದಾಗ, ಬೇಲ್ ಸಿಕ್ಕಿದ ಮೇಲೆ ಅಪ್ಪನನ್ನು ಕರೆದುಕೊಂಡು ಹೋಗಬೇಕು, ಈ ಹಿಮದಲ್ಲಿ ರಾತ್ರಿ ಹೊತ್ತು ಅವರಿಗೆ ಡ್ರೈವ್ ಮಾಡಲು ಆಗುವುದಿಲ್ಲ ಎಂದಳು.