ಅವಳಿಗೆ ಮೊದಲು ಹೇಳಿದ ನೋವು

ಆ ಹೆಂಗಸಿನ ಕೈಯಿಂದ ಗಂಜಿಯ ಲೋಟ ತೆಗೆದುಕೊಳ್ಳುವಾಗ ಕರಿಬಸವರಾಜ ನಕ್ಕ.

ಬೀದಿಯ ಆಚೆ ಬದಿಯಲ್ಲಿ ಬೇವಿನ ಮರದ ಮರೆಗೆ ನಿಂತಿದ್ದ ದ್ರಾಕ್ಷಾಯಣಿ ಆ ನಗುವನ್ನು ನೋಡಿದಳು. ಮದುವೆಯಾಗಿ ಎಂಟು ತಿಂಗಳು. ತಾನು ಬಡಿಸಿದ ಒಂದು ತುತ್ತಿಗೂ ಗಂಡ ಹೀಗೆ ನಕ್ಕಿರಲಿಲ್ಲ...

ಅದು ಹರಿಹರದ ಡಾಕ್ಟರ್ ಮುರುಗೇಶಪ್ಪನವರ ದವಾಖಾನೆಯ ಜಗಲಿ. ೧೯೬೧ನೇ ಇಸವಿಯ ಒಂದು ಶನಿವಾರ, ಬೆಳಗಿನ ಹತ್ತು ಗಂಟೆ. ಪ್ರತಿ ಶನಿವಾರದಂತೆ, ಗಿರಣಿಗೆ ಮಿಷಿನ್ ಸಾಮಾನು ತರಬೇಕು ಎಂದು ಹೇಳಿ ಅವನು ದಾವಣಗೆರೆಯಲ್ಲಿ ರೈಲು ಹತ್ತಿದ್ದ. ಅದೇ ರೈಲಿನ ಹೆಂಗಸರ ಡಬ್ಬಿಯಲ್ಲಿ ಸೆರಗು ಮುಚ್ಚಿಕೊಂಡು ಅವಳೂ ಬಂದಿದ್ದಳು.

ಸಂಶಯದ ಬೀಜ ಬಿತ್ತಿದವನು ಗಿರಣಿಯ ಜೊತೆಗಾರ ಉಚ್ಚಂಗೆಪ್ಪ. ಪಾಪ, ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

"ಅತ್ತಿಗೆ, ನಿಮ್ಮ ಬೆಣ್ಣೆ ರೊಟ್ಟಿ ಬಾಳ ಚಲೋ ಇರ್ತಾವ್ರಿ. ಬಸಣ್ಣ ಮುಟ್ಟೋದಿಲ್ಲ, ದಿನಾ ನಂಗೇ ಕೊಡ್ತಾನೆ."

ಬೆಣ್ಣೆ ಲೋಕಿಕೆರೆಯ ತವರಿನಿಂದ ಬರುತ್ತಿತ್ತು. ಗಂಡ ದಿನದಿಂದ ದಿನಕ್ಕೆ ಇಳಿದು ಹೋಗುತ್ತಿದ್ದಾನೆಂದು ಅವಳು ಬೆಣ್ಣೆಯನ್ನು ಇನ್ನಷ್ಟು ಸುರಿಯುತ್ತಿದ್ದಳು. ಅದನ್ನು ಇನ್ಯಾರೋ ತಿನ್ನುತ್ತಿದ್ದರು. ಇವನೋ, ಇಲ್ಲಿ ಇನ್ಯಾರದೋ ಗಂಜಿ ಕುಡಿಯುತ್ತಿದ್ದಾನೆ...

ಕಾಲುಗಳು ತಾವಾಗಿಯೇ ಬೀದಿ ದಾಟಿದವು.

"ಗಿರಣಿ ಸಾಮಾನು ಇಲ್ಲೇ ಸಿಗ್ತಾವೇನ್ರಿ?"

ಕರಿಬಸವರಾಜನ ಮುಖ ಬಿಳಿಚಿತು. ಅವನಿಗಿಂತ ಮೊದಲು ಆ ಹೆಂಗಸೇ ಎದ್ದಳು. ವಯಸ್ಸು ಇಪ್ಪತ್ತೆಂಟರ ಆಸುಪಾಸು, ಬಡಕಲು ಮೈ, ದೊಡ್ಡ ಕಣ್ಣು.

"ನೀವು ದ್ರಾಕ್ಷಾಯಣಮ್ಮ ಅಲ್ಲೇನ್ರಿ? ಬರ್ರಿ, ಕೂಡ್ರಿ. ನಾನು ಮೆಹರ್ ಬಾನು. ನಮ್ಮಿಬ್ಬರದೂ ಒಂದೇ ಕಾಯಿಲೆ."

ಒಂದೇ ಕಾಯಿಲೆ. ಎಷ್ಟು ಸಲೀಸಾಗಿ ಹೇಳಿದಳು!

"ಯಾವ ಕಾಯಿಲೆ?"

ಮೆಹರ್ ಬಾನು ತನ್ನ ಎದೆಗೂಡಿನ ಕೆಳಗೆ ಬೆರಳಿಟ್ಟು ತೋರಿಸಿದಳು. "ಉಂಡು ಒಂದು ತಾಸಿಗೆ ಇಲ್ಲಿ ಹಿಡೀತೈತೆ. ಬೆನ್ನಿಗೆ ಹೊಡೀತೈತೆ, ಕತ್ತಿಲಿ ತಿವಿದಂಗೆ. ಮುಂದಕ್ಕೆ ಬಾಗಿ ಕೂತ್ರೆ ಒಂಚೂರು ತಡೀಬಹುದು. ನಿಮ್ಮನೆಯೋರಿಗೂ ಹಂಗೇ."

ಊಟವಾದ ಮೇಲೆ ಗಂಡ ಹಿತ್ತಿಲಿಗೆ ಹೋಗಿ ಬಹಳ ಹೊತ್ತು ಬಾರದೆ ಇರುತ್ತಿದ್ದುದು ಏಕೆಂದು ದ್ರಾಕ್ಷಾಯಣಿಗೆ ಈಗ ಹೊಳೆಯಿತು. ಅದು ಬೀಡಿ ಸೇದುವ ಚಟವೆಂದು ತಿಳಿದಿದ್ದಳು. ಈ ಹೆಂಗಸಿಗೆ ಅವನ ಬೆನ್ನಿನ ಒಳಗೆ ಏನಾಗುತ್ತದೆ ಎನ್ನುವುದೂ ಗೊತ್ತು. ತನಗೆ ಏನೂ ಗೊತ್ತಿಲ್ಲ.

ಡಾಕ್ಟರು ಗಂಡ ಹೆಂಡತಿ ಇಬ್ಬರನ್ನೂ ಒಳಗೆ ಕರೆದರು. ಎಕ್ಸ್‌ರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಬೆನ್ನುಮೂಳೆಗೆ ಅಡ್ಡಲಾಗಿ ಜೋಳ ಚೆಲ್ಲಿದಂತೆ ಬಿಳಿಯ ಚುಕ್ಕೆಗಳು.

"ಜಠರದ ಹಿಂದೆ ಮೇದೋಜೀರಕ ಅಂತ ಒಂದು ಗ್ರಂಥಿ ಇರುತ್ತೆ, ತಾಯಿ. ಅದರ ರಸ ಇಲ್ಲದಿದ್ದರೆ ಎಣ್ಣೆ ಬೆಣ್ಣೆ ಕರಗೋದಿಲ್ಲ. ಇವರದು ವರ್ಷಗಟ್ಟಲೆ ಬಾತು ಬಾತು ಗಟ್ಟಿಯಾಗಿದೆ, ಒಳಗೆ ಕಲ್ಲು ಕಟ್ಟಿದೆ. ಅದಕ್ಕೇ ಮಲದಲ್ಲಿ ಜಿಡ್ಡು ಹೋಗುತ್ತೆ, ಮೈ ಕರಗುತ್ತೆ."

"ಯಾತಕ್ಕೆ ಬರ್ತೈತ್ರಿ ಇದು?"

"ಹೆಚ್ಚಾಗಿ ಕುಡಿತದಿಂದ. ಆದರೆ ಇವರು ಕುಡಿಯೋರಲ್ಲ, ಆ ಹೆಣ್ಣುಮಗಳೂ ಕುಡಿದವಳಲ್ಲ. ಎಷ್ಟೋ ಜನಕ್ಕೆ ಯಾಕೆ ಬರುತ್ತೆ ಅಂತ ನಮಗೂ ಗೊತ್ತಿಲ್ಲ."

"ವಾಸಿ ಆಗ್ತೈತಾ?"

"ಪೂರ್ತಿ ಇಲ್ಲ. ಹತೋಟಿಯಲ್ಲಿ ಇಡಬಹುದು. ಜಿಡ್ಡು ಕಡಿಮೆ, ಸ್ವಲ್ಪ ಸ್ವಲ್ಪವಾಗಿ ನಾಲ್ಕೈದು ಸಲ ಊಟ, ಊಟದ ಜೊತೆಗೆ ಆ ರಸದ ಬದಲು ಪ್ಯಾಂಕ್ರಿಯಾಟಿನ್ ಗುಳಿಗೆ. ಬೀಡಿ, ಹೆಂಡ ಹತ್ತಿರ ಸುಳಿಯಬಾರದು. ಮುಂದೆ ಸಕ್ಕರೆ ಕಾಯಿಲೆ ಬಂದೀತು, ಆಗಾಗ ಮೂತ್ರ ನೋಡಿಸಬೇಕು. ಬಾನುಗೆ ಆಗಲೇ ಬಂದಿದೆ, ದಿನಾ ಇನ್ಸುಲಿನ್ ಸೂಜಿ. ನೋವು ತಡೆಯೋಕೇ ಆಗದಿದ್ದರೆ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್."

ದ್ರಾಕ್ಷಾಯಣಿ ಆ ಬಿಳಿಯ ಚುಕ್ಕೆಗಳನ್ನೇ ದಿಟ್ಟಿಸಿದಳು. ಆಗ ಅವಳ ಮನಸ್ಸಿಗೆ ಬಂದದ್ದನ್ನು ಯಾರಿಗೂ ಹೇಳುವಂತಿರಲಿಲ್ಲ. ಈ ಕಲ್ಲು ನನ್ನ ಹೊಟ್ಟೆಯಲ್ಲೂ ಇದ್ದಿದ್ದರೆ... ನಾನೂ ಆ ಜಗಲಿಯ ಮೇಲೆ ಇವರ ಪಕ್ಕ ಕೂತಿರುತ್ತಿದ್ದೆ.

ಕರಿಬಸವರಾಜ ಗುಳಿಗೆ ಕಟ್ಟಿಸಿಕೊಳ್ಳಲು ನಿಂತ. ಜಗಲಿಯಲ್ಲಿ ಇಬ್ಬರು ಹೆಂಗಸರೇ ಉಳಿದರು.

"ನಿಮ್ಮನೆಯೋರು ಎಲ್ಲಿ?" ದ್ರಾಕ್ಷಾಯಣಿಯ ದನಿಯಲ್ಲಿ ಇನ್ನೂ ಮುಳ್ಳಿತ್ತು.

"ರಾಣೆಬೆನ್ನೂರಲ್ಲಿ. ಕಾಯಿಲೆ ಹೆಣ್ಣು ಬ್ಯಾಡ ಅಂತ ನನ್ನ ಅಮ್ಮನ ಮನೆಗೆ ಬಿಟ್ಟು ಹೋದ್ರು. ಎರಡು ವರ್ಷ ಆತು." ಮೆಹರ್ ಬಾನು ಲೋಟ ತೊಳೆದು ಚೀಲಕ್ಕೆ ಹಾಕಿಕೊಂಡಳು. "ಅಕ್ಕಾ, ಒಂದು ಮಾತು ಹೇಳ್ಲಾ? ನೀವು ಸಿಟ್ಟಲ್ಲಿ ಬೀದಿ ದಾಟಿ ಬಂದ್ರಲ್ಲ, ನನಗೆ ಹೊಟ್ಟೆಕಿಚ್ಚು ಆತು. ನನ್ನ ಹುಡುಕ್ಕಂಡು ಯಾರೂ ಹಿಂಗೆ ಬರಲಿಲ್ಲ."

ದ್ರಾಕ್ಷಾಯಣಿ ಅವಳ ಪಕ್ಕ ಜಗಲಿಯ ಮೇಲೆ ಕೂತಳು. "ಆ ಗಂಜಿ ಹೆಂಗೆ ಮಾಡ್ತೀರಿ?" ಎಂದು ಕೇಳಿದಳು. ಕೇಳುವಾಗಲೂ ಒಳಗೆ ಉರಿಯುತ್ತಿತ್ತು. ಆದರೂ ಅಕ್ಕಿಯೆಷ್ಟು, ಹೆಸರುಬೇಳೆಯೆಷ್ಟು, ಎಷ್ಟು ಕುದಿಸಬೇಕು ಎಂಬುದನ್ನೆಲ್ಲ ಕೇಳಿ ತಿಳಿದುಕೊಂಡಳು.

ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಗಂಡ ಹೆಂಡತಿ ನಡುವೆ ಒಂದು ಮೊಳ ಜಾಗ ಬಿಟ್ಟು ಕೂತರು.

"ಅವಳಿಗ್ಯಾಕ ಮೊದಲು ಹೇಳಿದ್ರಿ?"

"ಅವಳಿಗೆ ಹೇಳಬೇಕಾಗಿರಲಿಲ್ಲ. ನಾನು ಬಾಗಿ ಕೂತಿದ್ದು ನೋಡೇ ಗೊತ್ತಾತು."

"ನನಗೆ?"

ಅವನು ಹಳಿಗಳ ಕಡೆ ನೋಡಿದ. "ಹೊಟ್ಟೆ ಹಿಡ್ಕಂಡು ವಾಂತಿ ಮಾಡಿದ್ರೆ ಗಿರಣಿಲಿ ಕುಡುಕ ಅಂತಾರೆ. ನೀನೂ ಅಂದ್ರೆ... ಆಮೇಲೆ ಬಾನು ಕತೆ ಕೇಳಿದೆ. ನೀನೂ ಲೋಕಿಕೆರೆಗೆ ಹೋಗಿಬಿಟ್ರೆ ಏನು ಮಾಡ್ಲಿ ಅಂತ ಹೆದರಿಕೆ ಹುಟ್ತು."

"ನಾನು ಅವಳ ಗಂಡ ಅಲ್ರಿ. ನಿಮ್ಮ ಹೆಂಡ್ತಿ."

ಅವನು ಏನೋ ಹೇಳಲು ಹೊರಟ. ಅಷ್ಟರಲ್ಲಿ ಮುಖ ಕಿವುಚಿತು. ಎದ್ದು ಅತ್ತ ಹೋಗಲು ನೋಡಿದವನ ಮಣಿಕಟ್ಟನ್ನು ಅವಳು ಬಿಡಲಿಲ್ಲ.

"ಕೂಡ್ರಿ. ನನ್ನ ಮುಂದೇನೇ ಆಗ್ಲಿ."

ಕರಿಬಸವರಾಜ ಮುಂದಕ್ಕೆ ಬಾಗಿದ. ಹಣೆಯಲ್ಲಿ ಬೆವರು ಒಡೆಯಿತು. ಅವಳು ಆ ಒಂದು ಮೊಳ ಜಾಗ ದಾಟಿ ಪಕ್ಕಕ್ಕೆ ಬಂದಳು. ಪ್ಲಾಟ್‌ಫಾರಂ ತುಂಬ ಜನ. ಅವಳು ಯಾರನ್ನೂ ನೋಡಲಿಲ್ಲ.

"ಎಲ್ಲಿ ನೋವು?"

ಅವನು ಅವಳ ಅಂಗೈಯನ್ನು ಹಿಡಿದು ತನ್ನ ಬೆನ್ನ ಮೇಲೆ ಇಟ್ಟುಕೊಂಡ. ಅಂಗಿಯೊಳಗೆ ಮೂಳೆಗಳು ಕೈಗೆ ಸಿಕ್ಕವು. ದಾವಣಗೆರೆಯ ರೈಲು ಬಂತು, ನಿಂತು ಹೊರಟಿತು. ಇಬ್ಬರೂ ಏಳಲಿಲ್ಲ.

ಉಸಿರು ಹದಕ್ಕೆ ಬಂದ ಮೇಲೆ ಅವನು ಮೆಲ್ಲಗೆ ಹೇಳಿದ, "ನೀನು ಹೋಗಬ್ಯಾಡ, ದ್ರಾಕ್ಷಿ. ಹೇಳೋಕೆ ಬರೋದಿಲ್ಲ ನನಗೆ... ನೀನಂದ್ರೆ ಜೀವ."

ಅವಳು ಕಣ್ಣೊರೆಸಿಕೊಂಡಳು. "ಮುಂದಿನ ಶನಿವಾರ ನಾನೂ ಬರ್ತೀನಿ."

"ಬಾ."

"ನೋವು ಬಂದ್ರೆ ಯಾರಿಗೆ ಮೊದಲು ಹೇಳ್ತೀರಿ?"

"ನಿನಗೆ."

"ಬಾನು ಕೇಳಿದ್ರೆ?"

"ನನ್ನ ಹೆಂಡ್ತಿನ್ನ ಕೇಳು ಅಂತೀನಿ. ಅವಳಿಗೆ ನನಗಿಂತ ಚೆನ್ನಾಗಿ ಗೊತ್ತೈತೆ ಅಂತೀನಿ."