ಬೀಳದ ಮುದ್ರೆ

ಯಾರ್ಕ್ ಪಟ್ಟಣದಲ್ಲಿ ಹಿಂದೆ ಹಿರಿಯ ಧರ್ಮಗುರುವಾಗಿದ್ದ ಆರ್ಚ್‌ಬಿಷಪ್ಪರೊಬ್ಬರ ಕಾಗದಗಳಲ್ಲಿ ಉಳಿದವು ಕೆಲವೇ. ಅವುಗಳಲ್ಲಿ ಒಂದಕ್ಕೆ ಮಾತ್ರ ಮುದ್ರೆಯಿಲ್ಲ.

ಆ ಕಾಗದಕ್ಕೆ ಮುದ್ರೆ ಒತ್ತಬೇಕಿದ್ದ ದಿನ ಸಿಬಿಲ್‌ಳ ಕೈಯಲ್ಲಿ ಮೇಣ ಮೆತ್ತಗಾಗುತ್ತಲೇ ಇರಲಿಲ್ಲ. ಹೆದರಿಕೆಗೆ ಬೆರಳುಗಳೇ ತಣ್ಣಗಾಗಿದ್ದವು.

“ಮೇಣದ ವ್ಯಾಪಾರಿ ಮಗಳಿಗೆ ಇಷ್ಟೂ ಬರಲ್ವಾ?” ಗುಮಾಸ್ತ ಓಸ್ಬರ್ಟ್ ಛೇಡಿಸಿದ.

“ನನ್ನ ಮುಖ ನೋಡೋದು ಬಿಡಿ, ಗುಮಾಸ್ತರೇ. ಆಮೇಲೆ ಬರತ್ತೆ.”

ಅವನು ಬಿಡಲಿಲ್ಲ. ಅವಳ ಕಿವಿ ಕೆಂಪಾಯಿತು.

ತೊಟ್ಟಿಲಲ್ಲಿದ್ದಾಗಲೇ ಅಪ್ಪ ಅವಳನ್ನು ಕನ್ಯಾಮಠಕ್ಕೆ ಹರಕೆ ಕೊಟ್ಟಿದ್ದ. ಕೂಸಿನ ಹರಕೆ ನಡೆಯದು, ಇವಳು ಸ್ವತಂತ್ರಳು ಎಂದು ಆರ್ಚ್‌ಬಿಷಪ್ ತೀರ್ಪು ಹೇಳಿದ್ದರು. ಓಸ್ಬರ್ಟ್ ಅದನ್ನು ಬರೆದಿಟ್ಟಿದ್ದ. ಮುದ್ರೆಯೊಂದೇ ಬಾಕಿ. ಆದರೆ ಈಗ ಅವರು ಮಹಡಿಯಲ್ಲಿ ಕೊನೆಯುಸಿರು ಎಳೆಯುತ್ತಿದ್ದರು. ಸತ್ತರೆ ಗಂಟೆ ಬಾರಿಸುತ್ತಾರೆ, ಅವರ ಮುದ್ರೆಯಚ್ಚನ್ನು ಮತ್ತೆ ಯಾರೂ ಒತ್ತದಂತೆ ಒಡೆದುಹಾಕುತ್ತಾರೆ. ಅದಕ್ಕೆಂದೇ ಮುದ್ರೆ ಕಾಯುವ ಮುದುಕ ಲ್ಯಾಂಬರ್ಟ್ ಸುತ್ತಿಗೆ ಹಿಡಿದು ಕೂತಿದ್ದ. ಸಿಬಿಲ್‌ಳನ್ನು ಎಳೆದೊಯ್ಯಲು ಮಠದವರು ಅಂಗಳಕ್ಕೇ ಬಂದಿದ್ದರು.

“ಮೊದಲೇ ಯಾಕೆ ಒತ್ತಲಿಲ್ಲ?” ಅವಳು ಕೇಳಿದಳು.

ಓಸ್ಬರ್ಟ್ ತಲೆ ತಗ್ಗಿಸಿದ. “ಇದ್ದ ಮೇಣ ಬೇರೆ ಕಾಗದಗಳಿಗೆ ಸುರಿದೆ. ಮುಗಿದ್ರೆ ನೀನು ತಗೊಂಡು ಬರ್ತೀಯಲ್ಲ... ನಿನ್ನ ನೋಡಬಹುದು ಅಂತ.”

ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಅಷ್ಟರಲ್ಲಿ ಗಂಟೆ ಮೊಳಗಿತು.

ಓಸ್ಬರ್ಟ್ ಮುದ್ರೆಯನ್ನು ಅವಳ ಕೈಯಲ್ಲಿದ್ದ ಮೇಣದತ್ತ ಒಯ್ದ. ಸಿಬಿಲ್ ಮೇಣವನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು.

“ಬೇಡ! ಸತ್ತೋರ ಮುದ್ರೆ ಒತ್ತಿದ್ರೆ ನಿಮ್ಮ ಕೈ ಕಡೀತಾರೆ.”

“ಕಡೀಲಿ.”

“ನಂಗೆ ಆ ಕೈ ಬೇಕು!”

ಲ್ಯಾಂಬರ್ಟ್ ಎದ್ದು ಮುದ್ರೆ ಕಿತ್ತುಕೊಂಡ. “ಪೆದ್ದುಗಳಾ, ತೀರ್ಪು ಹೇಳಿದಾಗ ನಾನೂ ಅಲ್ಲೇ ಇದ್ದೆ. ಇವಳು ಸ್ವತಂತ್ರಳೇ. ಗಂಡ ಇರೋಳನ್ನ ಯಾವ ಮಠವೂ ಎಳ್ಕೊಂಡು ಹೋಗಲ್ಲ. ಮದುವೆಗೆ ಪಾದ್ರಿನೂ ಬೇಕಿಲ್ಲ, ಇಬ್ಬರೂ ಬಾಯಿಬಿಟ್ಟು ಹೇಳಿದ್ರೆ ಸಾಕು. ಸಾಕ್ಷಿಗೆ ನಾನಿದೀನಿ, ನನ್ನ ಕಿವಿ ಇನ್ನೂ ಚೆನ್ನಾಗಿದೆ.”

ಅಂಗಳದಿಂದ ಮೆಟ್ಟಿಲು ಹತ್ತಿ ಬರುವ ಹೆಜ್ಜೆಗಳ ಸದ್ದಾಯಿತು.

“ನಿಮ್ಮನ್ನ ಗಂಡ ಅಂತ ಒಪ್ಕೊಂಡಿದೀನಿ,” ಸಿಬಿಲ್ ಒಂದೇ ಉಸಿರಿಗೆ ಹೇಳಿದಳು. ಓಸ್ಬರ್ಟ್ ಅವಳ ಕೈ ಹಿಡಿದು ಮುಖವನ್ನೇ ನೋಡುತ್ತ ನಿಂತ.

“ಅಷ್ಟೊಂದು ಬರೆಯೋರಿಗೆ ಇಷ್ಟೂ ಬರಲ್ವಾ?”

“ನಿನ್ನ... ಹೆಂಡ್ತಿ ಅಂತ ಒಪ್ಕೊಂಡಿದೀನಿ, ಸಿಬಿಲ್. ಸಾಯೋ ತನಕ.”

“ಕೇಳಿಸ್ತು,” ಎಂದು ಲ್ಯಾಂಬರ್ಟ್ ಸುತ್ತಿಗೆ ಎತ್ತಿ ಹೊಡೆದ. ಮುದ್ರೆ ಎರಡು ಹೋಳಾಯಿತು. ಆಗಲೇ ಯಾರೋ ಬಾಗಿಲು ಬಡಿದರು. ಸಿಬಿಲ್ ಓಸ್ಬರ್ಟ್‌ನ ಕೈ ಬಿಡದೆಯೇ ಹೋಗಿ ಬಾಗಿಲು ತೆಗೆದಳು.

“ನಾನು ಓಸ್ಬರ್ಟ್‌ನ ಹೆಂಡ್ತಿ. ಯಾರು ಬೇಕಿತ್ತು?”